ಅಳಿವೆ ಬಾಗಿಲಿನಾಚೆ ಒಂದು ದಿನ

*ನಮ್ಮ ಮನೆಗಳಲ್ಲಿ ಮೀನಿಲ್ಲದ ಊಟ ಊಟವೇ ಅಲ್ಲ. ಆದರೆ ಆ ಮೀನು ಬರುವ ಕಡಲನ್ನು ದಡದಿಂದಾಚೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಬೆಂಗ್ರೆಯ ಒಂದು ನಾಡದೋಣಿಯಲ್ಲಿ ಕಳೆದ ಒಂದು ದಿನದ ಅನುಭವ ಇಲ್ಲಿದೆ.*

'ಕಡಲಿಗೆ ಹೋಗುವ ಮಾತು ಈ ಮನೆಯಲ್ಲಿ ಬೇಡ.'

ಇದು ನಮ್ಮ ಉಮ್ಮನ ಕಾನೂನು. ನನಗೆ ಆರು ವರ್ಷವಿದ್ದಾಗ ಉಮ್ಮನ ಅಣ್ಣ, ನಮ್ಮ ದೊಡ್ಡ ಮಾಮ, ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ಹೋದರು. ದೋಣಿ ಸಿಕ್ಕಿತು, ಬಲೆ ಸಿಕ್ಕಿತು, ಮಾಮ ಸಿಗಲಿಲ್ಲ. ಅಂದಿನಿಂದ ಉಮ್ಮ ನನ್ನನ್ನು ದೋಣಿಯ ಹತ್ತಿರಕ್ಕೂ ಬಿಟ್ಟವರಲ್ಲ. ಉಪ್ಪ ದಕ್ಕೆಯಿಂದ ಮೀನು ತಂದು ಸೈಕಲಿನಲ್ಲಿ ಮಾರುತ್ತಿದ್ದರು. ನಾನು ಓದಿ ಗಲ್ಫಿಗೆ ಹೋದೆ. ಹತ್ತೊಂಬತ್ತು ವರ್ಷ ಅಲ್ಲಿದ್ದು ಊರಿಗೆ ಬಂದೆ. ಬೆಂಗ್ರೆಯಲ್ಲಿ ಹುಟ್ಟಿಯೂ ಕಡಲನ್ನು ನಾನು ನೋಡಿದ್ದು ದಡದಿಂದ ಮತ್ತು ವಿಮಾನದ ಕಿಟಕಿಯಿಂದ ಮಾತ್ರ.

ಉಮ್ಮನ ತಮ್ಮ, ಸಣ್ಣ ಮಾಮ ಮಾತ್ರ ಕಡಲು ಬಿಡಲಿಲ್ಲ. ಅವರಿಗೆ ಈಗ ಅರುವತ್ತು ದಾಟಿದೆ. ಕಳೆದ ತಿಂಗಳು ಮನೆಗೆ ಬಂದವರು ಚಹಾ ಕುಡಿಯುತ್ತಾ ಹೇಳಿದರು: 'ಮೋನೇ, ನೋಂಬಿನ ಮುಂಚೆ ದೋಣಿ ಕೊಡುವ ಅಂತ ಉಂಟು. ಮಗನಿಗೆ ದುಬೈ ವೀಸಾ ಆಗ್ತದಂತೆ. ಅವನು ಹೋದ ಮೇಲೆ ನನ್ನೊಬ್ಬನಿಂದ ಆಗ್ಲಿಕ್ಕಿಲ್ಲ. ಕೊಡುವ ಮೊದಲು ಒಂದು ದಿನ ನೀನು ಬಾ. ನೋಡಿಯಾದರೂ ಬಿಡು.'

ನಾನು ಉಮ್ಮನ ಮುಖ ನೋಡಿದೆ. ಉಮ್ಮ ಏನೂ ಹೇಳದೆ ಒಳಗೆ ಹೋದರು. ಹೋಗುವ ದಿನ ಬೆಳಗ್ಗಿನ ಜಾವ ಮೂರೂವರೆಗೆ ಎದ್ದು ನೋಡಿದರೆ ಅಡುಗೆ ಮನೆಯಲ್ಲಿ ಬೆಳಕು. ಪತ್ತಿರ್ ಸುಟ್ಟು, ಚಟ್ನಿ ಮಾಡಿ, ಡಬ್ಬಿ ಕಟ್ಟಿ ಇಟ್ಟಿದ್ದರು. ಒಂದೇ ಮಾತು ಹೇಳಿದರು: 'ಜಾಕೆಟ್ ತೆಗೀಬೇಡ.'

ಕತ್ತಲಲ್ಲಿ ಹೊರಟದ್ದು

ಬೆಂಗ್ರೆ ಎಂದರೆ ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಅರಬಿ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಸೇರಿ ಕಡಲಿಗೆ ಬೀಳುವ ಜಾಗವೇ ಅಳಿವೆ ಬಾಗಿಲು. ಅದರ ಆಚೆ ಉಳ್ಳಾಲದ ಕೋಟೆಪುರ. ಮಂಗಳೂರಿನ ಹಳೆ ಬಂದರಿನ ಬೋಟುಗಳೆಲ್ಲ ಹೋಗುವುದೂ ಬರುವುದೂ ಇದೇ ಬಾಗಿಲಿನಿಂದ.

ಮಾಮನ ದೋಣಿ ಇಪ್ಪತ್ತೆಂಟು ಅಡಿಯ ಫೈಬರ್ ನಾಡದೋಣಿ. ಹಿಂದೆ ಒಂದು ಸಣ್ಣ ಔಟ್‌ಬೋರ್ಡ್ ಇಂಜಿನ್. ಮೂವರೇ ಕೆಲಸದವರು. ಮಾಮ, ಮಾಮನ ಮಗ, ಮತ್ತೆ ತೋಟ ಬೆಂಗ್ರೆಯ ಒಬ್ಬ ಮೊಗವೀರ ಅಣ್ಣ. ಈ ಅಣ್ಣ ಮಾಮನ ಜೊತೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದಾರೆ. ದೊಡ್ಡ ಮಾಮನನ್ನು ಹುಡುಕಲು ಮೂರು ದಿನ ಕಡಲಲ್ಲಿ ಅಲೆದವರಲ್ಲಿ ಅವರೂ ಒಬ್ಬರೆಂದು ನನಗೆ ಗೊತ್ತಾದದ್ದು ಆ ದಿನವೇ. ದೋಣಿಯ ಭಾಷೆ ಅರ್ಧ ಬ್ಯಾರಿ, ಅರ್ಧ ತುಳು. ಯಾರು ಯಾವುದರಲ್ಲಿ ಮಾತು ಶುರು ಮಾಡಿದರು, ಯಾವುದರಲ್ಲಿ ಮುಗಿಸಿದರು ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಹೊರಡುವ ಮೊದಲು ಮಾಮ ನನ್ನ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿದರು. 2008ರ ಮುಂಬೈ ದಾಳಿಯ ನಂತರ ಕಡಲಿಗೆ ಹೋಗುವವರೆಲ್ಲರ ಹತ್ತಿರ ಗುರುತುಚೀಟಿ ಇರಬೇಕು. ಕರಾವಳಿ ಕಾವಲು ಪೊಲೀಸರು ನಡುನೀರಿನಲ್ಲಿ ನಿಲ್ಲಿಸಿ ಕೇಳುವುದುಂಟು.

ನಾಲ್ಕೂವರೆಗೆ ಇಂಜಿನ್ ಶುರುವಾಯಿತು. ಹಳೆ ಬಂದರಿನ ದೀಪಗಳು ಹಿಂದಾದವು. ಎರಡೂ ಬದಿಯಲ್ಲಿ ಕಲ್ಲು ಹಾಕಿ ಕಟ್ಟಿದ ತಡೆಗೋಡೆಗಳು ಕತ್ತಲಲ್ಲಿ ಕರ್ರಗೆ ಕಂಡವು. 'ಹಿಡ್ಕೋ' ಎಂದರು ಮಾಮ. ದೋಣಿಯ ಮೂತಿ ಮೇಲೆದ್ದಿತು, ಕೆಳಗೆ ಬಿತ್ತು. ಇನ್ನೊಮ್ಮೆ ಎದ್ದಿತು. ಮೂರನೆಯ ಅಲೆಗೆ ನನ್ನ ಹೊಟ್ಟೆಯೊಳಗಿದ್ದ ಚಹಾ ಬಾಯಿಗೆ ಬಂತು. ಆಮೇಲೆ ಒಮ್ಮೆಲೇ ಎಲ್ಲ ಶಾಂತ. 'ಇದು ಒಳ್ಳೆ ಅಳಿವೆ. ನೀರು ಏರುವ ಹೊತ್ತು' ಎಂದು ಅಣ್ಣ ತುಳುವಿನಲ್ಲಿ ಹೇಳಿದರು. ಕೆಟ್ಟ ಅಳಿವೆ ಹೇಗಿರುತ್ತದೆಂದು ನಾನು ಕೇಳಲಿಲ್ಲ.

ಜನವರಿ ತಿಂಗಳ ಮೂಡಾಯಿ ಗಾಳಿ ಬೆನ್ನಿಗೆ ತಣ್ಣಗೆ ಹೊಡೆಯುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಆದ್ದರಿಂದ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಕಡಲಿನಿಂದ ತಿರುಗಿ ಪಡ್ಡಾಯಿ ಗಾಳಿ. ಹಾಯಿ ಇದ್ದ ಕಾಲದಲ್ಲಿ ನಮ್ಮ ಹಿರಿಯರು ಬೆಳಗ್ಗಿನ ಗಾಳಿಯಲ್ಲಿ ಹೋಗಿ ಮಧ್ಯಾಹ್ನದ ಗಾಳಿಯಲ್ಲಿ ಬರುತ್ತಿದ್ದರು. ಈಗ ಇಂಜಿನ್ ಬಂದರೂ ದಿನದ ಲೆಕ್ಕ ಅದೇ.

ಬಲೆ ಬಿಟ್ಟು ಕಾಯುವುದು

ಎಂಟು ಮಾರು ನೀರು, ಅಂದರೆ ಸುಮಾರು ಹದಿನಾಲ್ಕು ಮೀಟರ್ ಆಳ. ಅಲ್ಲಿ ಇಂಜಿನ್ ನಿಂತಿತು. ಬಲೆ ಬಿಡುವ ಕೆಲಸ ಶುರು. ಮಾಮನ ಮಗ ಒಂದು ಕಡೆಯಿಂದ ತೇಲುವ ಬಿಲ್ಲೆಗಳನ್ನು, ಅಣ್ಣ ಇನ್ನೊಂದು ಕಡೆಯಿಂದ ಭಾರದ ಹಗ್ಗವನ್ನು ನೀರಿಗೆ ಬಿಡುತ್ತಾ ಹೋದರು. ಇದು ಗಿಲ್‌ನೆಟ್. ಮೀನನ್ನು ಅಟ್ಟಿಸಿಕೊಂಡು ಹೋಗುವ ಬಲೆಯಲ್ಲ. ಕಡಲಲ್ಲಿ ಗೋಡೆಯಂತೆ ನಿಲ್ಲುತ್ತದೆ, ಅಷ್ಟೆ. ಬರುವ ಬಂಗುಡೆ ತಲೆ ತೂರಿಸುತ್ತದೆ, ಕಿವಿರಿಗೆ ನೂಲು ಸಿಕ್ಕುತ್ತದೆ. ಕಣ್ಣಿನ ಅಳತೆಗಿಂತ ಸಣ್ಣ ಮೀನು ದಾಟಿ ಹೋಗುತ್ತದೆ, ತುಂಬಾ ದೊಡ್ಡದು ಸಿಕ್ಕುವುದಿಲ್ಲ. 'ನಮ್ಮ ಬಲೆಯಲ್ಲಿ ಮರಿ ಉಳೀತದೆ' ಎನ್ನುವುದು ಮಾಮನ ಹೆಮ್ಮೆ.

ದೂರದಲ್ಲಿ ದೊಡ್ಡ ಬೋಟುಗಳ ದೀಪ ಕಾಣುತ್ತಿತ್ತು. ಪ್ರಖರ ಬೆಳಕು ಬಿಟ್ಟು ಮೀನನ್ನು ಒಟ್ಟುಗೂಡಿಸಿ ಹಿಡಿಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಆ ಜಗಳ ಕರಾವಳಿಯಲ್ಲಿ ಮುಗಿದಿಲ್ಲ. ಬೂತಾಯಿಯ ಕತೆ ಎಲ್ಲರಿಗೂ ಗೊತ್ತು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ ಎಂದು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಕಡಲಿನ ಬಿಸಿ, ಮಳೆಯ ಏರುಪೇರು, ಮರಿ ಮೀನು ಹಿಡಿಯುವುದು ಎಲ್ಲ ಸೇರಿದ ಕತೆ ಅದು. ಆಮೇಲೆ ಬೂತಾಯಿ ಮತ್ತೆ ಬಂತು. ಆದರೆ ಬೂತಾಯಿಯನ್ನೇ ನಂಬಿದ ಮನೆಗಳಿಗೆ ನಡುವಿನ ಆ ವರ್ಷಗಳನ್ನು ಯಾರು ತಿರುಗಿ ಕೊಡುತ್ತಾರೆ?

ಸುಬಹಿ ಬಾಂಗ್ ಇಷ್ಟು ದೂರಕ್ಕೆ ಕೇಳುವುದಿಲ್ಲ. ಮಾಮ ಮೂಡಣ ಆಕಾಶ ನೋಡಿ ಹೊತ್ತು ತಿಳಿದರು. ಕಡಲ ನೀರಿನಲ್ಲೇ ವುಝೂ ಮಾಡಿ, ದೋಣಿ ಓಲಾಡುತ್ತಿದ್ದ ಕಾರಣ ಹಲಗೆಯ ಮೇಲೆ ಕುಳಿತೇ ನಮಾಝ್ ಮಾಡಿದೆವು. ನಮ್ಮ ಊರಿನಿಂದ ಕಿಬ್ಲಾ ಇರುವುದು ಪಡುವಣಕ್ಕೆ. ಮಸೀದಿಯಲ್ಲಿ ಎದುರಿಗೆ ಗೋಡೆ. ಇಲ್ಲಿ ಎದುರಿಗೆ ಕಡಲು ಬಿಟ್ಟರೆ ಇನ್ನೊಂದಿಲ್ಲ. ನಮಾಝ್ ಮುಗಿಯುವವರೆಗೂ ಅಣ್ಣ ಮಾತಾಡಲಿಲ್ಲ. ಸಲಾಂ ಹೇಳಿದ ಮೇಲೆ ಥರ್ಮಾಸಿನಿಂದ ಚಹಾ ಬಗ್ಗಿಸಿದರು.

ಆಕಾಶದವರು, ನೀರಿನವರು

ಬೆಳಕು ಹರಿದ ಮೇಲೆ ಕಡಲು ಖಾಲಿಯಲ್ಲವೆಂದು ತಿಳಿಯಿತು.

ಮೊದಲು ಬಂದದ್ದು ಬಿಳಿಯ ಕಡಲಹಕ್ಕಿಗಳು. ಚಳಿಗಾಲದಲ್ಲಿ ದಕ್ಕೆಯಲ್ಲಿ ರಾಶಿ ರಾಶಿ ಕಾಣುವ ಇವು ನಮ್ಮ ಊರಿನವಲ್ಲ. ಇವುಗಳಲ್ಲಿ ಕಂದುತಲೆಯ ಜಾತಿ ಮರಿ ಮಾಡುವುದು ಲಡಾಖ್, ಟಿಬೆಟಿನ ಎತ್ತರದ ಕೆರೆಗಳಲ್ಲಿ. ಅಲ್ಲಿ ಹಿಮ ಬೀಳುವಾಗ ಇಲ್ಲಿಗೆ ಬರುತ್ತವೆ, ಬೇಸಗೆಗೆ ಹಿಂತಿರುಗುತ್ತವೆ. ಮಾಮನ ಮಗ ನಕ್ಕ: 'ಇವಕ್ಕೆ ವೀಸಾ ಬೇಡ, ಅಲ್ವಾ ಕಾಕ?'

ಆಮೇಲೆ ಒಂದು ದೊಡ್ಡ ಹಕ್ಕಿ ಅಗಲ ರೆಕ್ಕೆ ಬಿಡಿಸಿ ನಮ್ಮ ತಲೆಯ ಮೇಲೆ ಸುತ್ತಿತು. ಹೊಟ್ಟೆ ಅಚ್ಚ ಬಿಳಿ, ರೆಕ್ಕೆಯ ಅಂಚು ಕಪ್ಪು. ಬಿಳಿಹೊಟ್ಟೆಯ ಕಡಲ ಗಿಡುಗ. ಅದು ನೀರಿಗೆ ಇಳಿದು, ಮುಳುಗದೆ ಕಾಲನ್ನಷ್ಟೇ ತಾಗಿಸಿ ಏನನ್ನೋ ಎತ್ತಿಕೊಂಡು ಹೋಯಿತು. ಉಗುರಿನಲ್ಲಿ ನೇತಾಡುತ್ತಿದ್ದದ್ದು ಹಾವು.

ಕಡಲಹಾವಿನ ಬಗ್ಗೆ ಮಾಮನಿಗೆ ಭಯವುಂಟು. ಅದರ ಬಾಲ ಹುಟ್ಟಿನ ಹಾಗೆ ಚಪ್ಪಟೆ. ಬಲೆಯಲ್ಲಿ ಸಿಕ್ಕಿದರೆ ಕೈ ಹಾಕದೆ, ಬಲೆ ಸಮೇತ ಕೊಡವಿ ನೀರಿಗೆ ಬಿಡುತ್ತಾರೆ. ಸಾಮಾನ್ಯವಾಗಿ ಕಚ್ಚಲು ಬರುವ ಪ್ರಾಣಿಯಲ್ಲ, ಆದರೆ ವಿಷ ಬಹಳ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ಮದ್ದು ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲದ ಹಾವು ಹೀಗೆ ನೆಲದ ನಾಲ್ಕು ಹಾವುಗಳಿಗೆ ತಯಾರಾದದ್ದು. ಕಡಲಹಾವಿಗಲ್ಲ. ಆದ್ದರಿಂದ ದಡದಲ್ಲಿ ಬಲೆಯಿಂದ ಬಿದ್ದ ಹಾವನ್ನು ಸತ್ತಿದೆಯೆಂದು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಏಳು ಗಂಟೆಯ ಸುಮಾರಿಗೆ 'ಪುಸ್' ಎಂಬ ಸದ್ದು. ಯಾರೋ ಹಿಂದೆ ನಿಂತು ಉಸಿರು ಬಿಟ್ಟ ಹಾಗೆ. ತಿರುಗಿ ನೋಡಿದರೆ ಹತ್ತು ಮಾರು ದೂರದಲ್ಲಿ ಬೂದು ಬಣ್ಣದ ಬೆನ್ನು. ಬೆನ್ನಿನ ಮೇಲೆ ಡುಬ್ಬ, ಡುಬ್ಬದ ಮೇಲೆ ಸಣ್ಣ ರೆಕ್ಕೆ. ಒಂದಲ್ಲ, ಐದು. ಅದರಲ್ಲಿ ಒಂದು ಮರಿ, ತಾಯಿಯ ಮೈಗೆ ಅಂಟಿದ ಹಾಗೆ ಈಜುತ್ತಿತ್ತು. ತಾಯಿ ಎದ್ದಾಗ ಅದೂ ಏಳುತ್ತದೆ, ತಾಯಿ ಮುಳುಗಿದಾಗ ಅದೂ ಮುಳುಗುತ್ತದೆ.

ಇದು ಡುಬ್ಬದ ಡಾಲ್ಫಿನ್. ಆಳ ಕಡಲಿಗೆ ಹೋಗದೆ, ನದಿ ಬಾಯಿ ಮತ್ತು ದಡದ ಹತ್ತಿರದ ನೀರಿನಲ್ಲೇ ಬದುಕುವ ಜಾತಿ. ಆದ್ದರಿಂದಲೇ ಅದಕ್ಕೆ ಕಷ್ಟ ಜಾಸ್ತಿ. ದಡದ ಹತ್ತಿರವೇ ನಮ್ಮ ಬಲೆ, ನಮ್ಮ ಹಡಗು, ನಮ್ಮ ಕೊಳಕು ನೀರು. ಅಳಿವಿನಂಚಿನಲ್ಲಿರುವ ಪ್ರಾಣಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಸೇರಿದೆ. ಇದು ಮೀನಲ್ಲ, ನಮ್ಮ ಹಾಗೆ ಉಸಿರಾಡುತ್ತದೆ, ಮರಿಗೆ ಹಾಲು ಕುಡಿಸುತ್ತದೆ. ಒಂದು ಸಲಕ್ಕೆ ಒಂದೇ ಮರಿ, ಮುಂದಿನ ಮರಿಗೆ ಕೆಲವು ವರ್ಷ. ಒಂದು ಸತ್ತರೆ ಆ ಜಾಗ ತುಂಬಲು ಬಹಳ ಕಾಲ ಬೇಕು.

'ಚಂದ ಉಂಟಲ್ಲ' ಎಂದೆ. ಅಣ್ಣ ನಕ್ಕರು. 'ನೋಡ್ಲಿಕ್ಕೆ ಚಂದ. ಬಲೆಯಿಂದ ಮೀನು ಎಳೆದು ತಿಂದು ಬಲೆ ಹರಿದು ಹೋಗುವಾಗ ಬೈಯಬೇಕು ಅಂತ ಕಾಣ್ತದೆ. ಆದ್ರೆ ಇವು ಇದ್ದಲ್ಲಿ ಮೀನು ಉಂಟು. ಇವು ಬರದ ದಿನ ನಮಗೂ ಇಲ್ಲ.'

ಮಾಮ ಇಂಜಿನ್ ಮುಟ್ಟಲಿಲ್ಲ. ಹತ್ತಿರ ಹೋಗುವ ಅಂತ ನಾನು ಹೇಳಿದಾಗಲೂ ಮುಟ್ಟಲಿಲ್ಲ. 'ಮರಿ ಉಂಟು. ಅಟ್ಟಿಸಿದ್ರೆ ತಾಯಿ ಹೆದರ್ತದೆ. ಸುಮ್ಮನೆ ಕೂತ್ಕೋ, ಅದಕ್ಕೆ ಮನಸ್ಸಿದ್ರೆ ಅದೇ ಬರ್ತದೆ.' ಬಂತು. ದೋಣಿಯ ಅಡಿಯಿಂದ ದಾಟಿ ಹೋಯಿತು. ಆಗ ಅದರ ಕಣ್ಣು ಕಂಡೆ. ಮೊಬೈಲ್ ಕೈಯಲ್ಲೇ ಇತ್ತು, ಫೋಟೊ ತೆಗೆಯಲು ನೆನಪಾಗಲಿಲ್ಲ.

ಬಲೆಯಲ್ಲಿ ಸಿಕ್ಕಿದವಳು

ಏಳೂವರೆಗೆ ಬಲೆ ಎಳೆಯಲು ಶುರು ಮಾಡಿದರು. ಬಂಗುಡೆ ಒಂದೊಂದಾಗಿ ಹೊಳೆಯುತ್ತಾ ಮೇಲೆ ಬಂತು. ನಡುನಡುವೆ ಎರಡು ಸಣ್ಣ ಅಂಜಲ್, ಕೆಲವು ಮಾಂಜಿ, ಒಂದು ಚಪ್ಪಟೆ ತೊರಕೆ. ನಾನೂ ಮೀನು ಬಿಡಿಸಲು ಕುಳಿತೆ. ಕೈ ಕೊಯ್ದುಕೊಂಡೆ. ಮಾಮನ ಮಗ ಹತ್ತು ಮೀನು ಬಿಡಿಸುವಾಗ ನನ್ನದು ಒಂದು.

ಬಲೆ ಮುಕ್ಕಾಲು ಪಾಲು ಮೇಲೆ ಬಂದಾಗ ಭಾರವಾಯಿತು. 'ಕಲ್ಲಾ?' ಎಂದ ಹುಡುಗ. ಮೂವರೂ ಸೇರಿ ಎಳೆದರು. ನೀರಿನೊಳಗೆ ಹಸಿರು ಮಿಶ್ರಿತ ಬೂದು ಬಣ್ಣದ ಒಂದು ದುಂಡು ಬೆನ್ನು. ಕಡಲಾಮೆ. ಮುಂದಿನ ಎರಡು ಕಾಲಿಗೂ ಕುತ್ತಿಗೆಗೂ ನೂಲು ಸುತ್ತಿಕೊಂಡಿತ್ತು. ಅಲುಗಾಡುತ್ತಿರಲಿಲ್ಲ.

ನಮ್ಮ ಕಡಲಲ್ಲಿ ಹೆಚ್ಚಾಗಿ ಕಾಣುವುದು ಆಲಿವ್ ರಿಡ್ಲೆ ಆಮೆ. ಚಳಿಗಾಲದಲ್ಲಿ ಹೆಣ್ಣಾಮೆಗಳು ರಾತ್ರಿ ಹೊತ್ತು ದಡಕ್ಕೆ ಬಂದು, ಮರಳು ಅಗೆದು, ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ಸುಮಾರು ಒಂದೂವರೆಯಿಂದ ಎರಡು ತಿಂಗಳಲ್ಲಿ ಮರಿ ಹೊರಬಂದು ಕಡಲಿನ ಕಡೆ ಓಡುತ್ತದೆ. ಬದುಕಿ ದೊಡ್ಡದಾಗುವ ಮರಿ ಬಹಳ ಕಡಿಮೆ. ಹಾಗೆ ಬದುಕಿದ ಹೆಣ್ಣು ತಾನು ಹುಟ್ಟಿದ ದಡದ ಆಸುಪಾಸಿಗೇ ಮೊಟ್ಟೆಯಿಡಲು ತಿರುಗಿ ಬರುತ್ತದೆ. ನಮ್ಮ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ ಬಹಳ ವರ್ಷಗಳ ನಂತರ 2024ರಲ್ಲಿ ಗೂಡುಗಳು ಕಂಡವು. ಅರಣ್ಯ ಇಲಾಖೆ ಬೇಲಿ ಹಾಕಿ ಕಾದು ಮರಿಗಳನ್ನು ಕಡಲಿಗೆ ಬಿಟ್ಟಿತು. ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿಯ ಸಾಲಿನಲ್ಲೇ ಈ ಆಮೆಯೂ ಇದೆ.

ಆಮೆ ನೀರಲ್ಲಿದ್ದರೂ ಉಸಿರಿಗೆ ಮೇಲೆ ಬರಲೇಬೇಕು. ಬಲೆ ಅದನ್ನು ಕೆಳಗೆ ಹಿಡಿದಿಟ್ಟರೆ ಮನುಷ್ಯನ ಹಾಗೆಯೇ ಮುಳುಗಿ ಸಾಯುತ್ತದೆ.

ಮಾಮನ ಮಗ ನೂಲು ಬಿಡಿಸಲು ನೋಡಿದ. ಬಿಡಿಸಿದಷ್ಟೂ ಬಿಗಿಯಾಯಿತು. 'ಬಾಪಾ, ಸ್ವಲ್ಪ ಹೊತ್ತು ಕೊಡಿ. ಬಲೆ ಉಳೀಬಹುದು' ಎಂದ. ಅವನು ಹೇಳಿದ್ದು ತಪ್ಪಲ್ಲ. ಬಲೆ ಹೊಸತು, ಸಾಲದಲ್ಲಿ ತಂದದ್ದು. ಮಾಮ ಒಮ್ಮೆ ಬಲೆ ನೋಡಿದರು, ಒಮ್ಮೆ ಆಮೆಯ ಮುಖ ನೋಡಿದರು. ಸೊಂಟದಿಂದ ಕತ್ತಿ ತೆಗೆದು ಅಣ್ಣನ ಕೈಗೆ ಕೊಟ್ಟರು. 'ಕೊಯ್ಯಿ. ಅದಕ್ಕೆ ಉಸಿರಿಲ್ಲ.'

ಎರಡು ಮಾರು ಬಲೆ ಹೋಯಿತು.

ಆಮೆಯನ್ನು ಕಾಲು ಹಿಡಿದು ಎಳೆಯದೆ, ಚಿಪ್ಪಿನ ಎರಡೂ ಬದಿ ಹಿಡಿದು ಎತ್ತಿ ದೋಣಿಯೊಳಗೆ ಇಟ್ಟರು. ಹೊಟ್ಟೆ ಕೆಳಗೆ, ಹಿಂಭಾಗದ ಅಡಿಗೆ ಮಡಚಿದ ಗೋಣಿ. ತಲೆ ತಗ್ಗಿದಾಗ ಬಾಯಿಯಿಂದ ನೀರು ಇಳಿಯಿತು. ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಕಿದರು. ಸತ್ತ ಹಾಗೆ ಕಂಡ ಆಮೆ ಎಷ್ಟೋ ಹೊತ್ತಿನ ಮೇಲೆ ಎಚ್ಚರಾಗುವುದುಂಟಂತೆ. ಹಾಗೇ ನೀರಿಗೆ ಎಸೆದರೆ ಮುಳುಗಿ ಹೋಗುತ್ತದೆ, ಕಾಯಬೇಕು. ಕಾದೆವು. ಉಳಿದ ಬಲೆ ಎಳೆದೆವು. ಉಮ್ಮ ಕೊಟ್ಟ ಪತ್ತಿರ್ ನಾಲ್ಕು ಪಾಲಾಯಿತು. ಒಂಬತ್ತು ಗಂಟೆಯಾಯಿತು, ಒಂಬತ್ತೂವರೆಯಾಯಿತು. ಅಣ್ಣ ಮಧ್ಯೆ ಮಧ್ಯೆ ಅದರ ಕಣ್ಣಿನ ಹತ್ತಿರ ಬೆರಳು ತಾಗಿಸಿ ನೋಡುತ್ತಿದ್ದರು.

ಹತ್ತರ ಹೊತ್ತಿಗೆ ಆಮೆ ಒಂದು ದೊಡ್ಡ ಉಸಿರು ತೆಗೆಯಿತು. ಮುದುಕರು ನಿದ್ದೆಯಿಂದ ಎದ್ದ ಹಾಗೆ. ಆಮೇಲೆ ಮುಂಗಾಲಿನಿಂದ ದೋಣಿಯ ಅಡಿಗೆ ಬಡಿಯಲು ಶುರು ಮಾಡಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಇಂಜಿನ್ ನಿಲ್ಲಿಸಿಯೇ ಇಟ್ಟು, ಹಿಂಬದಿಯಿಂದ ಮೆಲ್ಲ ಜಾರಿಸಿದರು. ಎರಡು ಬೀಸು ಈಜಿ, ತಲೆ ಎತ್ತಿ ಒಂದು ಉಸಿರು ತೆಗೆದು ಹೋಯಿತು. 'ಹೋಗು ಮೋಳೆ' ಎಂದರು ಮಾಮ.

ಕಾಯುವುದೂ ಕೆಲಸವೇ

ಆದರೆ ಈಗ ಹೊತ್ತು ಮೀರಿತ್ತು.

ಪಡ್ಡಾಯಿ ಗಾಳಿ ಏಳಲು ಶುರುವಾಗಿತ್ತು. ಅಳಿವೆಯ ಹತ್ತಿರ ಬಂದಾಗ ಬೆಳಗ್ಗೆ ಕಂಡ ಜಾಗ ಅದಲ್ಲ ಅನಿಸಿತು. ನೀರು ಇಳಿಯುವ ಹೊತ್ತು. ಎರಡು ನದಿಗಳ ನೀರು ಹೊರಗೆ ನುಗ್ಗುತ್ತಿತ್ತು, ಗಾಳಿಯ ಅಲೆ ಒಳಗೆ ಬರುತ್ತಿತ್ತು. ಎರಡೂ ಮುಖಾಮುಖಿಯಾಗುವಲ್ಲಿ ಅಲೆ ಎದ್ದು ನಿಂತು, ಬೆಳ್ಳಗೆ ಒಡೆಯುತ್ತಿತ್ತು. ಹೂಳು ತುಂಬಿ ಆಳ ಕಡಿಮೆಯಾದ ಕಡೆ ಇನ್ನೂ ಜೋರು. ಇದು ಕೆಟ್ಟ ಅಳಿವೆ.

ಮಾಮನ ಮಗನಿಗೆ ಅವಸರ. ದಕ್ಕೆಯಲ್ಲಿ ಬಂಗುಡೆಗೆ ಬೆಳಗ್ಗೆ ಕಿಲೋಗೆ 200 ರೂಪಾಯಿ ಇತ್ತೆಂದು ಯಾರೋ ಫೋನಿನಲ್ಲಿ ಹೇಳಿದ್ದರು. ಮಧ್ಯಾಹ್ನವಾದರೆ ಬೀಳುತ್ತದೆ. 'ಬಾಪಾ, ಎರಡು ಅಲೆ ಬಿಟ್ಟು ಮೂರನೆಯದ್ರ ಬೆನ್ನಿಗೆ ಹೋಗುವ. ಆಗ್ತದೆ.'

ಮಾಮ ಇಂಜಿನ್ ನಿಧಾನ ಮಾಡಿ, ದೋಣಿಯನ್ನು ಹೊರಗೇ ತಿರುಗಿಸಿದರು. ಒಂದು ಗಳಿಗೆ ಸುಮ್ಮನಿದ್ದು ಮಗನಿಗೆ ಹೇಳಿದರು. ನನಗೂ ಸೇರಿಸಿಯೇ ಹೇಳಿದರೆಂದು ಕಾಣುತ್ತದೆ.

'ಅಣ್ಣ ಆ ದಿನ ಕಾಯಲಿಲ್ಲ. ಐಸ್ ಕರಗಿತ್ತು, ಏಲಂ ಮುಗೀತದೆ ಅಂತ ಅವಸರ ಮಾಡಿದ. ಅವನಿಗೆ ಈ ಅಳಿವೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವನೇ ಹೋದ.'

ಯಾರೂ ಮಾತಾಡಲಿಲ್ಲ. ಮೊಗವೀರ ಅಣ್ಣ ಬೇರೆ ಕಡೆ ನೋಡುತ್ತಿದ್ದರು. ದೊಡ್ಡ ಮಾಮ ಹೇಗೆ ತೀರಿಹೋದರು ಎಂದು ನನಗೆ ಗೊತ್ತಿತ್ತು. ಯಾಕೆ ಎಂದು ನಲುವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಗೇ ನಿಂತೆವು. ಬಿಸಿಲು ತಲೆ ಸುಟ್ಟಿತು, ನಾನು ಮೂರು ಸಲ ವಾಂತಿ ಮಾಡಿದೆ. ಇನ್ನೊಂದೆರಡು ದೋಣಿಗಳೂ ನಮ್ಮ ಹತ್ತಿರ ಬಂದು ನಿಂತವು. ನೀರು ತಿರುಗಿದ ಮೇಲೆ ಅಲೆ ತಗ್ಗಿತು. ಒಂದರ ಹಿಂದೆ ಒಂದು ಒಳಗೆ ಬಂದೆವು. ತಡೆಗೋಡೆ ದಾಟಿದಾಗ ಮಾಮ ಮೆಲ್ಲಗೆ 'ಅಲ್‌ಹಮ್ದುಲಿಲ್ಲಾಹ್' ಎಂದದ್ದು ಇಂಜಿನ್ ಸದ್ದಿನಲ್ಲೂ ಕೇಳಿಸಿತು.

ದಿನದ ಲೆಕ್ಕ

ದಕ್ಕೆಯಲ್ಲಿ ಬಂಗುಡೆ 38 ಕಿಲೋ ತೂಗಿತು. ದರ 140ಕ್ಕೆ ಇಳಿದಿತ್ತು. 5,320 ರೂಪಾಯಿ. ಉಳಿದ ಮೀನಿಗೆ 1,100. ಒಟ್ಟು 6,420. ಎಣ್ಣೆ ಮತ್ತು ಐಸಿಗೆ 1,620 ಕಳೆದರೆ ಉಳಿದದ್ದು 4,800. ಅರ್ಧ ದೋಣಿ ಮತ್ತು ಬಲೆಯ ಪಾಲು, ಇನ್ನರ್ಧ ಮೂವರಿಗೆ. ತಲೆಗೆ 800 ರೂಪಾಯಿ. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಬಂಗುಡೆಯಲ್ಲೇ 2,280 ರೂಪಾಯಿ ಹೆಚ್ಚು ಸಿಗುತ್ತಿತ್ತು. ಕೊಯ್ದ ಬಲೆಯ ಖರ್ಚು ಬೇರೆ.

ಅಂದರೆ ಒಂದು ಆಮೆಯ ಉಸಿರಿನ ಬೆಲೆಯನ್ನು ಆ ದಿನ ಮೂರು ಮನೆಗಳು ಕೊಟ್ಟವು. ಈ ಮಾತು ನಮ್ಮಲ್ಲಿ ಚರ್ಚೆಯಾಗಬೇಕು. ಮಹಾರಾಷ್ಟ್ರದಲ್ಲಿ 2018ರ ಕೊನೆಯಿಂದ ಒಂದು ವ್ಯವಸ್ಥೆ ಇದೆ. ಸಂರಕ್ಷಿತ ಪ್ರಾಣಿ ಬಲೆಗೆ ಸಿಕ್ಕಿ, ಅದನ್ನು ಬಿಡಿಸಲು ಮೀನುಗಾರ ಬಲೆ ಕೊಯ್ದರೆ, ಫೋಟೊ ಕೊಟ್ಟಲ್ಲಿ ಸರ್ಕಾರ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತದೆ. ಅಲ್ಲಿ ಹಾಗೆ ಆಮೆ, ತಿಮಿಂಗಿಲ ಶಾರ್ಕ್, ಡಾಲ್ಫಿನ್‌ಗಳು ಉಳಿದಿವೆ. ಮಾಮನಿಗೂ ಅಣ್ಣನಿಗೂ ಇಂಥದ್ದೊಂದು ಇದೆಯೆಂಬ ಸುದ್ದಿಯೇ ಗೊತ್ತಿರಲಿಲ್ಲ. ಕಾನೂನು ಪ್ರಾಣಿಯನ್ನು ಉಳಿಸು ಎಂದರೆ ಸಾಲದು, ಉಳಿಸಿದವನ ಬಲೆಯ ಕಡೆಗೂ ನೋಡಬೇಕು.

ಇದು ಬರೀ ಕರುಣೆಯ ವಿಷಯವೂ ಅಲ್ಲ. ಆಮೆ ತಪ್ಪಿಸಿಕೊಳ್ಳುವ ಕಿಂಡಿಯನ್ನು ಟ್ರಾಲ್ ಬಲೆಗಳಿಗೆ ಅಳವಡಿಸಿಲ್ಲವೆಂಬ ಕಾರಣಕ್ಕೆ ಅಮೆರಿಕ 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುವುದು ನಿಲ್ಲಿಸಿತು. ಆಮೆ ಉಳಿಯುವುದಕ್ಕೂ ದಕ್ಕೆಯ ದರಕ್ಕೂ ನೇರ ಸಂಬಂಧ ಉಂಟು.

ಮನೆಗೆ

ಮಾಮ ಎಂಟು ಬಂಗುಡೆ ಕಟ್ಟಿ ಕೊಟ್ಟರು. 'ಇದು ನಿನ್ನ ಪಾಲು. ಕೈ ಕೊಯ್ದುಕೊಂಡದ್ದಕ್ಕೆ.'

ದೋಣಿ ನೋಡಲು ಒಬ್ಬರು ಆ ವಾರ ಬಂದು ಹೋಗಿದ್ದಾರೆ. ಬೆಲೆ ಇನ್ನೂ ಕುದುರಿಲ್ಲ. ಹುಡುಗನ ವೀಸಾ ಕೂಡಾ ಇನ್ನೂ ಬಂದಿಲ್ಲ. ಮರುದಿನ ಸಂಜೆ ನಾನು ಹೋದಾಗ ಅವನು ಜಗಲಿಯಲ್ಲಿ ಕುಳಿತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಕೊಯ್ದ ಜಾಗಕ್ಕೆ ಹೊಸ ನೂಲು ಹೆಣೆಯುತ್ತಿದ್ದ. ಮಾಮ ಪಕ್ಕದಲ್ಲಿ ಕುಳಿತು ತಪ್ಪಿದ ಗಂಟು ತೋರಿಸುತ್ತಿದ್ದರು. ಹೋಗುವವನಿಗೆ ಯಾಕೆ ಕಲಿಸುತ್ತೀರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಕಡಲಿಗೆ ಹೋದ ದಿನ ನಾನು ಮನೆಗೆ ಬಂದಾಗ ಉಮ್ಮ ಬಾಗಿಲಲ್ಲೇ ಇದ್ದರು. ಮೀನಿನ ಕಟ್ಟು ತೆಗೆದುಕೊಂಡು ಒಳಗೆ ಹೋದರು. ಮಸಾಲೆ ಅರೆದು, ಪುಳಿ ಹಾಕಿ, ಸಾರು ಕುದಿಯುವವರೆಗೂ ಏನೂ ಕೇಳಲಿಲ್ಲ. ತಟ್ಟೆಗೆ ಅನ್ನ ಬಡಿಸುವಾಗ ಕೇಳಿದರು.

'ಅಳಿವೆ ಹೇಗಿತ್ತು?'

'ಕೆಟ್ಟದಿತ್ತು ಉಮ್ಮ. ಕಾದೆವು.'

ಉಮ್ಮ ಸ್ವಲ್ಪ ಹೊತ್ತು ಸೌಟು ಹಿಡಿದು ಹಾಗೇ ನಿಂತರು. ಆಮೇಲೆ ದೊಡ್ಡ ಬಂಗುಡೆ ಆರಿಸಿ ನನ್ನ ತಟ್ಟೆಗೆ ಹಾಕಿದರು.

ಕಡಲಿಗೆ ಹೋಗುವವರ ಗಮನಕ್ಕೆ

* ಗೊತ್ತಿರುವ ದೋಣಿಯಲ್ಲಿ, ಗುರುತುಚೀಟಿ ಹಿಡಿದುಕೊಂಡೇ ಹೋಗಿ. ಲೈಫ್ ಜಾಕೆಟ್ ಹಾಕಿದ್ದು ತೆಗೆಯಬೇಡಿ, ಈಜು ಗೊತ್ತಿದ್ದರೂ ಸರಿ.
* ಹವಾಮಾನ ಮುನ್ಸೂಚನೆ ನೋಡದೆ ಹೊರಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ಹೊತ್ತಿನಲ್ಲಿ ಮೋಜಿಗೆಂದು ಅಳಿವೆ ದಾಟುವ ಯೋಚನೆಯೇ ಬೇಡ.
* ಡಾಲ್ಫಿನ್ ಕಂಡರೆ ಇಂಜಿನ್ ನಿಧಾನ ಮಾಡಿ ದೂರದಲ್ಲಿ ನಿಲ್ಲಿ. ಹಿಂದೆ ಓಡಿಸಬೇಡಿ, ತಿಂಡಿ ಎಸೆಯಬೇಡಿ.
* ದಡದಲ್ಲಿ ಆಮೆಯ ಗೂಡು ಅಥವಾ ಮರಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ಟಾರ್ಚ್ ಬಿಡಬೇಡಿ. ಬೆಳಕಿಗೆ ಮರಿ ದಾರಿ ತಪ್ಪುತ್ತದೆ.
* ಪ್ಲಾಸ್ಟಿಕ್ ಚೀಲ ನೀರಿಗೆ ಹಾಕಬೇಡಿ. ಕಡಲಾಮೆ ಅದನ್ನು ಲೋಳೆಮೀನೆಂದು ತಿನ್ನುತ್ತದೆ.
* ಕಡಲಲ್ಲಿ ಅಪಾಯವಾದರೆ ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554. ಎರಡನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.